ಅರ್ಧ ಗಂಟೆಯ ಪರೀಕ್ಷೆ, ತಿಂಗಳುಗಟ್ಟಲೆ ಹಿಂಜರಿಕೆ: ನಮ್ಮ ಜಿಲ್ಲೆಯಲ್ಲಿ ಎಚ್‌ಐವಿ ಪರೀಕ್ಷೆ ಮಾಡಿಸೋದು ಹೇಗೆ

ನನ್ನ ಸ್ನೇಹಿತನೊಬ್ಬ ಕಾರವಾರದ ಬೈತಕೋಲದಿಂದ ಬೋಟಿಗೆ ಹೋಗುತ್ತಾನೆ. ಒಂದು ಏಪ್ರಿಲ್ ರಾತ್ರಿ ಹನ್ನೊಂದು ಗಂಟೆಗೆ ಅವನಿಂದ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಬಿಳಿ ಪ್ಲಾಸ್ಟಿಕ್ ಕಾರ್ಡು. ಅದರಲ್ಲಿ ಒಂದು ಗಟ್ಟಿ ಗೆರೆ, ಪಕ್ಕದಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ತೆಳುವಾದ ಇನ್ನೊಂದು ಗೆರೆ. ಕೆಳಗೆ ಅವನ ಒಂದೇ ಸಾಲು: "ಮುಗೀತು ಮಾರಾಯ."

ಮುಗಿದಿರಲಿಲ್ಲ. ಆ ಫೋಟೋ ಕಳಿಸಿದ್ದು ಒಂದು ಖಾಸಗಿ ಲ್ಯಾಬ್. ಮುಂದೆ ಏನು ಮಾಡಬೇಕು ಅಂತ ಒಂದು ಮಾತೂ ಹೇಳಿರಲಿಲ್ಲ. ಅವನು ನಾಲ್ಕು ದಿನ ಬೋಟಿಗೆ ಹೋಗಲಿಲ್ಲ, ಸರಿಯಾಗಿ ಊಟ ಮಾಡಲಿಲ್ಲ. ಐದನೇ ದಿನ ಇಬ್ಬರೂ ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿ ತಿಳಿದುಕೊಂಡದ್ದು, ಆಮೇಲೆ ಕೇಳಿ ಓದಿ ಕಲಿತದ್ದು ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಆದರೆ ಆ ಕಾರಿಡಾರಿನಲ್ಲಿ ಕೂತು ಬಂದವನು.

ಪರೀಕ್ಷೆ ಅಂತ ನೋಡಿದರೆ ಇದು ಅರ್ಧ ಗಂಟೆಯ ಕೆಲಸ. ಆಸ್ಪತ್ರೆಯ ಗೇಟು ದಾಟೋದಕ್ಕೇ ನಮ್ಮವರಿಗೆ ಆರು ತಿಂಗಳು ಬೇಕು. ಹಾಗಾಗಿ ಸೂಜಿಗಿಂತ ಹೋಗಿಬರುವ ವಿಚಾರವನ್ನೇ ಇಲ್ಲಿ ಜಾಸ್ತಿ ಬರೆದಿದ್ದೇನೆ.

ಮೊದಲು ಕ್ಯಾಲೆಂಡರ್ ತೆಗೆಯಿರಿ

ಪರೀಕ್ಷೆ ಎಲ್ಲಿ ಅನ್ನೋದಕ್ಕಿಂತ ಮೊದಲು ಯಾವಾಗ ಅನ್ನೋದು ಗೊತ್ತಿರಬೇಕು. ಭಯಕ್ಕೆ ಕಾರಣವಾದ ದಿನ ಯಾವುದು? ಕಾಂಡೋಮ್ ಇಲ್ಲದ ಸಂಪರ್ಕವೋ, ಕಾಂಡೋಮ್ ಹರಿದದ್ದೋ, ಬೇರೆಯವರಿಗೆ ಬಳಸಿದ ಸೂಜಿಯೋ, ಏನೇ ಇರಲಿ, ಆ ತಾರೀಕು ಬರೆದುಕೊಳ್ಳಿ.

ವೈರಸ್ ದೇಹಕ್ಕೆ ಬಂದ ಮರುದಿನವೇ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಸಾಮಾನ್ಯ ಪರೀಕ್ಷೆಗಳು ಹುಡುಕುವುದು ವೈರಸ್ಸನ್ನಲ್ಲ. ಅದರ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯಗಳನ್ನು, ಅಂದರೆ ಆಂಟಿಬಾಡಿಗಳನ್ನು. ಅವು ತಯಾರಾಗಲು ವಾರಗಳು ಬೇಕು. ಈ ಮಧ್ಯದ ಸಮಯಕ್ಕೆ ವಿಂಡೋ ಪೀರಿಯಡ್ ಎನ್ನುತ್ತಾರೆ. ಕೆಲವು ಕರಪತ್ರಗಳಲ್ಲಿ 'ಗವಾಕ್ಷಿ ಅವಧಿ' ಅಂತ ಇರುತ್ತದೆ. ಓದಿದವರಿಗೆ ಗಾಬರಿ ಇನ್ನಷ್ಟು ಜಾಸ್ತಿ ಆಗಬಹುದು, ಅಷ್ಟೇ.

ಆಂಟಿಬಾಡಿ ಮಾತ್ರ ನೋಡುವ ಪರೀಕ್ಷೆಗೆ ಸೋಂಕು ಕಾಣಲು 23ರಿಂದ 90 ದಿನ ಬೇಕಾಗಬಹುದು. ಬೆರಳು ಚುಚ್ಚಿ ಮಾಡುವ ಕಾರ್ಡ್ ಪರೀಕ್ಷೆಗಳಲ್ಲಿ ಹೆಚ್ಚಿನವು ಈ ಗುಂಪಿನವು. ದೊಡ್ಡ ಲ್ಯಾಬುಗಳಲ್ಲಿ ನಾಲ್ಕನೇ ತಲೆಮಾರಿನ ಪರೀಕ್ಷೆ ಅಂತ ಇದೆ. ಅದು ಆಂಟಿಬಾಡಿಯ ಜೊತೆಗೆ ಪಿ24 ಅನ್ನುವ ವೈರಸ್ಸಿನದೇ ಒಂದು ಪ್ರೋಟೀನನ್ನೂ ಹುಡುಕುತ್ತದೆ. ಹಾಗಾಗಿ ಅದರಲ್ಲಿ 18ರಿಂದ 45 ದಿನಗಳಲ್ಲಿ ಗೊತ್ತಾಗುತ್ತದೆ, ರಕ್ತನಾಳದಿಂದ ತೆಗೆದ ರಕ್ತವಾಗಿದ್ದರೆ. ವೈರಸ್ಸಿನ ಆನುವಂಶಿಕ ವಸ್ತುವನ್ನೇ ಹುಡುಕುವ ಪರೀಕ್ಷೆ 10ರಿಂದ 33 ದಿನಗಳಲ್ಲಿ ಹೇಳಬಲ್ಲದು. ಆದರೆ ಅದು ದುಬಾರಿ, ಎಲ್ಲರಿಗೂ ಮಾಡುವಂಥದ್ದೂ ಅಲ್ಲ.

ಒಂದು ಲೆಕ್ಕ ಹಾಕೋಣ. ಘಟನೆ ನಡೆದದ್ದು ಮಾರ್ಚ್ 1ರಂದು ಅಂದುಕೊಳ್ಳಿ. ಆರು ವಾರ ಆಗುವುದು ಏಪ್ರಿಲ್ 12ಕ್ಕೆ. ಆಗ ಮಾಡಿಸಿದ ಪರೀಕ್ಷೆ ನೆಗೆಟಿವ್ ಬಂದರೆ ಅರ್ಧ ಉಸಿರು ಬಿಡಬಹುದು. 90 ದಿನ ಆಗುವುದು ಮೇ 30ಕ್ಕೆ. ಆ ದಿನವೋ ಆಮೇಲೋ ಮಾಡಿಸಿದ್ದು ನೆಗೆಟಿವ್ ಬಂದರೆ, ಮಧ್ಯದಲ್ಲಿ ಮತ್ತೆ ಅಪಾಯದ ಸಂದರ್ಭ ಬಂದಿಲ್ಲವಾದರೆ, ಪೂರ್ತಿ ಉಸಿರು ಬಿಡಿ. ಮಾರ್ಚ್ 8ಕ್ಕೇ ಹೋಗಿ ನೆಗೆಟಿವ್ ಚೀಟಿ ಹಿಡಿದು ಬಂದು ಊರೆಲ್ಲ ಕುಣಿದರೆ ಅದಕ್ಕೆ ಅರ್ಥವಿಲ್ಲ. ಆ ಚೀಟಿ ಮಾರ್ಚ್ 1ರ ಕಥೆಯನ್ನೇ ಹೇಳುವುದಿಲ್ಲ, ಅದಕ್ಕೂ ಹಿಂದಿನ ಕಥೆ ಹೇಳುತ್ತದೆ.

ಹಾಗಂತ 90 ದಿನ ಸುಮ್ನೆ ಕಾಯಿರಿ ಅಂತಲ್ಲ. ಮೊದಲೇ ಒಂದು ಸಲ ಹೋಗಿ, ಆಪ್ತ ಸಮಾಲೋಚಕರ ಹತ್ತಿರ ಮಾತಾಡಿ, ತಾರೀಕು ಬರೆಸಿಕೊಂಡು ಬನ್ನಿ. ಅದುವರೆಗೆ ಕಾಂಡೋಮ್ ಬಿಡಬೇಡಿ, ರಕ್ತದಾನ ಮಾಡಬೇಡಿ.

ಮೂರು ದಿನ ಕಳೆದಿಲ್ಲವೇ? ಓದೋದು ಇಲ್ಲೇ ನಿಲ್ಲಿಸಿ

ಘಟನೆ ನಡೆದು ಇನ್ನೂ 72 ಗಂಟೆ ಆಗಿಲ್ಲ ಅಂದರೆ ಪರೀಕ್ಷೆಯ ಚಿಂತೆ ಆಮೇಲೆ. ಮೊದಲು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಓಡಿ, ಪಿಇಪಿ ಬೇಕು ಅಂತ ಕೇಳಿ. ಸೋಂಕು ಬೇರೂರದ ಹಾಗೆ ತಡೆಯುವ ಮಾತ್ರೆಗಳು ಅವು. 28 ದಿನ ಬಿಡದೆ ತೆಗೆದುಕೊಳ್ಳಬೇಕು. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ಮೊದಲ ಕೆಲವು ಗಂಟೆಗಳಲ್ಲಿ ಶುರುವಾದರೆ ಇನ್ನೂ ಒಳ್ಳೆಯದು. 72 ಗಂಟೆ ದಾಟಿದ ಮೇಲೆ ಸಾಮಾನ್ಯವಾಗಿ ಕೊಡುವುದಿಲ್ಲ.

ಆಸ್ಪತ್ರೆ ಸಿಬ್ಬಂದಿಗೆ ಸೂಜಿ ಚುಚ್ಚಿದಾಗ, ಲೈಂಗಿಕ ದೌರ್ಜನ್ಯ ನಡೆದಾಗ ಇದು ಬಹಳ ಮುಖ್ಯ. ಭಾನುವಾರ, ಹಬ್ಬ, ಮಧ್ಯರಾತ್ರಿ ಅಂತ ನೋಡಬೇಡಿ, ತುರ್ತು ಚಿಕಿತ್ಸೆ ವಿಭಾಗ ತೆರೆದೇ ಇರುತ್ತದೆ. ಶಿರಸಿಯ ಆಚೆಯ ಹಳ್ಳಿಯಲ್ಲೋ ಜೋಯಿಡಾದ ಕಾಡಿನ ನಡುವೆಯೋ ಇದ್ದರೆ ಹೊರಡುವ ಮೊದಲು 1097ಕ್ಕೆ ಫೋನ್ ಮಾಡಿ ಹತ್ತಿರದ ಜಾಗ ಕೇಳಿ. ಅದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ಪಿಇಪಿ ತೆಗೆದುಕೊಂಡವರಿಗೆ ಮೇಲೆ ಹೇಳಿದ ದಿನದ ಲೆಕ್ಕ ಬದಲಾಗುತ್ತದೆ. ಮಾತ್ರೆ ಕೊಟ್ಟವರು ಹೇಳಿದ ತಾರೀಕುಗಳನ್ನೇ ಹಿಡಿಯಿರಿ.

ಲಕ್ಷಣ ನೋಡಿ ತೀರ್ಮಾನ ಬೇಡ

ಸೋಂಕು ತಗುಲಿದ ಎರಡರಿಂದ ನಾಲ್ಕು ವಾರಕ್ಕೆ ಕೆಲವರಿಗೆ ಜ್ವರ, ಗಂಟಲು ನೋವು, ಮೈಮೇಲೆ ಗುಳ್ಳೆ, ಕುತ್ತಿಗೆಯಲ್ಲಿ ಗಂಟು ಬರುತ್ತದೆ. ಕೆಲವರಿಗೆ ಏನೂ ಬರುವುದಿಲ್ಲ. ಆಮೇಲೆ ವರ್ಷಗಟ್ಟಲೆ ಆರಾಮಾಗಿಯೇ ಇರುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಜ್ವರಕ್ಕೇನು ಬರವೇ? ಮಳೆಗಾಲದಲ್ಲಿ ಡೆಂಗಿ, ಇಲಿ ಜ್ವರ. ಸಿದ್ದಾಪುರದ ಕಡೆ ಬೇಸಿಗೆ ಹತ್ತಿರ ಬಂದರೆ ಮಂಗನ ಕಾಯಿಲೆಯ ಹೆದರಿಕೆ. ಮೊಬೈಲಿನಲ್ಲಿ ಲಕ್ಷಣ ಹುಡುಕುತ್ತಾ ಕೂತರೆ ರಾತ್ರಿ ಎರಡು ಗಂಟೆಗೆ ಎಲ್ಲ ಕಾಯಿಲೆಯೂ ನಮಗೇ ಇದೆ ಅನಿಸುತ್ತದೆ. ನನ್ನ ಸ್ನೇಹಿತನಿಗೂ ಹಾಗೇ ಆಗಿತ್ತು. ಬಿಸಿಲಿಗೆ ಬೆನ್ನಲ್ಲಿ ಎದ್ದ ಬೆವರು ಗುಳ್ಳೆಗೆ ಟಾರ್ಚ್ ಹಿಡಿದು ಫೋಟೋ ತೆಗೆಯುತ್ತಿದ್ದ. ರಕ್ತ ಪರೀಕ್ಷೆ ಬಿಟ್ಟು ಬೇರೆ ದಾರಿಯೇ ಇಲ್ಲ.

ಎಲ್ಲಿಗೆ ಹೋಗಬೇಕು

ಸರ್ಕಾರಿ ಆಸ್ಪತ್ರೆಗಳಲ್ಲಿ ಐಸಿಟಿಸಿ ಅಂತ ಒಂದು ಕೋಣೆ ಇರುತ್ತದೆ. ಬೋರ್ಡಿನ ಮೇಲೆ 'ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ' ಅಂತ ಬರೆದಿರುತ್ತಾರೆ, ಪಕ್ಕದಲ್ಲಿ ಮಡಚಿದ ಕೆಂಪು ರಿಬ್ಬನ್ ಚಿತ್ರ. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿಗೆ, ಅಂದರೆ ಕ್ರಿಮ್ಸ್‌ಗೆ, ಸೇರಿದ ಜಿಲ್ಲಾ ಆಸ್ಪತ್ರೆ ಇದೆ. ಶಿರಸಿಯಲ್ಲಿ ಪಂಡಿತ ಸಾರ್ವಜನಿಕ ಆಸ್ಪತ್ರೆ. ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಕೆಲವು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಮೊದಲ ಹಂತದ ಪರೀಕ್ಷೆ ಮಾಡುತ್ತಾರೆ. ಅಲ್ಲಿ ಏನಾದರೂ ಕಂಡರೆ ಪೂರ್ತಿ ಪರೀಕ್ಷೆಗೆ ದೊಡ್ಡ ಕೇಂದ್ರಕ್ಕೆ ಚೀಟಿ ಕೊಡುತ್ತಾರೆ. ಹಾಗಾಗಿ ಎರಡು ಸಲ ಓಡಾಡುವುದು ಬೇಡ ಅಂದರೆ ನೇರವಾಗಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೇ ಹೋಗಿ. ಪರೀಕ್ಷೆ ಉಚಿತ. ಡಾಕ್ಟರ ಚೀಟಿ ಇಲ್ಲದೆಯೂ ಹೋಗಬಹುದು.

ಈಗ ನಿಜವಾದ ತೊಂದರೆಗೆ ಬರೋಣ. ಯಾರಾದರೂ ನೋಡಿದರೆ?

ನಮ್ಮದು ಸಣ್ಣ ಊರುಗಳ ಜಿಲ್ಲೆ. ಆಸ್ಪತ್ರೆಯ ನರ್ಸ್ ನಿಮ್ಮ ಅತ್ತಿಗೆಯ ಕ್ಲಾಸ್‌ಮೇಟ್ ಆಗಿರುತ್ತಾಳೆ. ಔಷಧಿ ಕೊಡುವವನು ಯಕ್ಷಗಾನ ಆಟದಲ್ಲಿ ನಿಮ್ಮ ಪಕ್ಕ ಕೂತವನು. ಅದಕ್ಕೇ ಶಿರಸಿಯವರು ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುತ್ತಾರೆ, ಕುಮಟಾದವರು ಕಾರವಾರಕ್ಕೆ, ಕಾರವಾರದವರು ರೈಲು ಹತ್ತಿ ಗೋವಾದ ಮಡಗಾಂವಿಗೆ. ಎಲ್ಲರೂ ಒಂದೇ ದಿನ ಹೊರಟರೆ ದಾರಿಯಲ್ಲೇ ಒಬ್ಬರಿಗೊಬ್ಬರು ಸಿಗುತ್ತಾರೆ, ಅಲ್ವಾ?

ತಮಾಷೆ ಬಿಡಿ. ಬೇರೆ ತಾಲ್ಲೂಕಿಗೆ ಹೋಗುವುದರಲ್ಲಿ ತಪ್ಪೇನಿಲ್ಲ. ಯಾವ ಐಸಿಟಿಸಿಗೆ ಬೇಕಾದರೂ ಹೋಗಬಹುದು, ನಿಮ್ಮ ಊರಿನದೇ ಆಗಬೇಕು ಅಂತಿಲ್ಲ. ನಾವೂ ಕಾರವಾರ ಬಿಟ್ಟು ಬೇರೆ ತಾಲ್ಲೂಕಿಗೇ ಹೋಗಿದ್ದು. ಆದರೆ ದೂರ ಅನ್ನೋದೇ ನೆಪವಾಗಿ ತಿಂಗಳು ಮುಂದೆ ಹೋಗಬಾರದು. ಶಿರಸಿಯಿಂದ ಕಾರವಾರ ನೂರು ಕಿಲೋಮೀಟರ್ ದಾಟುತ್ತದೆ. ಒಂದು ದಿನದ ಕೂಲಿ ಹೋಗುತ್ತದೆ, ಮನೆಯಲ್ಲಿ ಸುಳ್ಳು ಹೇಳಬೇಕಾಗುತ್ತದೆ, ಮತ್ತೆ 90ನೇ ದಿನಕ್ಕೆ ಇನ್ನೊಂದು ಸಲ ಹೋಗಬೇಕಲ್ಲ ಅನ್ನುವಾಗ ಮನಸ್ಸು ಹಿಂಜರಿಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಮೊದಲನೇ ಸಲ ದೂರ ಬೇಕಿದ್ದರೆ ದೂರ ಹೋಗಿ, ಎರಡನೇ ಸಲ ಹತ್ತಿರದಲ್ಲೇ ಮಾಡಿಸಿ. ಆ ಹೊತ್ತಿಗೆ ಅರ್ಧ ಹೆದರಿಕೆ ಇಳಿದಿರುತ್ತದೆ.

ಇನ್ನೊಂದು ವಿಷಯ. ಆ ಕೋಣೆಗೆ ಬರುವವರೆಲ್ಲ ನೀವು ಅಂದುಕೊಂಡ ಕಾರಣಕ್ಕೇ ಬರುವುದಿಲ್ಲ. ಬಸುರಿಯರನ್ನು ಕಳಿಸುತ್ತಾರೆ. ಕ್ಷಯರೋಗ ಇರುವವರನ್ನೆಲ್ಲ ಕಳಿಸುತ್ತಾರೆ. ಆಪರೇಷನ್ ಆಗಬೇಕಾದವರೂ ಬರುತ್ತಾರೆ. ಬಾಗಿಲ ಮುಂದೆ ಯಾರೋ ಕೂತಿದ್ದಾರೆ ಅಂದರೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ಮೀನುಗಾರಿಕೆಯವರಿಗೆ ಒಂದು ಸಣ್ಣ ಸಲಹೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುವ 61 ದಿನ ಕೈಯಲ್ಲಿ ಬಿಡುವು ಇರುತ್ತದೆ. ವರ್ಷಕ್ಕೊಂದು ಸಲ ಮಾಡಿಸಿಕೊಳ್ಳುವ ಅಭ್ಯಾಸ ಇರುವವರಿಗೆ ಅದೇ ಸರಿಯಾದ ಕಾಲ. ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದು ಬೋಟಿನಲ್ಲಿ ದುಡಿಯುವ ಹುಡುಗರಿಗೂ ಇಲ್ಲೇ ಪರೀಕ್ಷೆ ಮಾಡಿಸಬಹುದು ಅಂತ ಹೇಳಿ. ಊರಿಗೆ ಹೋಗುವ ತನಕ ಕಾಯಬೇಕಿಲ್ಲ.

ಆ ಕೋಣೆಯ ಒಳಗೆ

ಬೆಳಗಿನ ಹೊತ್ತು ಹೋದರೆ ವಾಸಿ. ಖಾಲಿ ಹೊಟ್ಟೆ ಬೇಕಿಲ್ಲ, ಇಡ್ಲಿ ತಿಂದೇ ಹೋಗಿ. ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ ಒಳ್ಳೆಯದು. ಒಳಗೆ ಬೇಡ ಅಂದರೆ ಹೊರಗೆ ಕೂರಲಿ.

ಮೊದಲು ಆಪ್ತ ಸಮಾಲೋಚಕರು ಮಾತಾಡಿಸುತ್ತಾರೆ, ಬಾಗಿಲು ಹಾಕಿಕೊಂಡು. ಹೆಸರು, ವಯಸ್ಸು, ಊರು, ಫೋನ್ ನಂಬರ್ ಬರೆದುಕೊಳ್ಳುತ್ತಾರೆ. ಆಮೇಲೆ ಯಾಕೆ ಬಂದಿರಿ, ಯಾವಾಗ ಏನಾಯಿತು ಅಂತ ಕೇಳುತ್ತಾರೆ. ಇಲ್ಲಿ ನಾಚಿಕೆಯಿಂದ ತಾರೀಕು ತಪ್ಪು ಹೇಳಬೇಡಿ. ಸಮಾಲೋಚಕರಿಗೆ ನಿಮ್ಮ ನಡತೆಯ ಸರ್ಟಿಫಿಕೇಟ್ ಬೇಕಿಲ್ಲ, ದಿನದ ಲೆಕ್ಕ ಬೇಕು. ನನ್ನ ಸ್ನೇಹಿತ ಮೊದಲು "ಸುಮ್ನೆ ಚೆಕ್ ಮಾಡಿಸೋಣ ಅಂತ" ಅಂದ. ಅವರು ನಗಲಿಲ್ಲ, ಗದರಲಿಲ್ಲ. "ಸುಮ್ನೆ ಬಂದವರು ಇಷ್ಟು ಬೆವರಲ್ಲ" ಅಂದರು. ಆಮೇಲೆ ಅವನು ಎಲ್ಲ ಹೇಳಿದ. ಕಾರ್ಡಿನ ಫೋಟೋವನ್ನೂ ತೋರಿಸಿದ.

ಫೋನ್ ನಂಬರ್ ಸರಿಯಾಗಿ ಕೊಡಿ. ಹೆಸರು ಬದಲಿಸಿ ಹೇಳುವವರು ಇದ್ದಾರೆ, ಅದು ಅವರಿಗೂ ಗೊತ್ತು. ಆದರೆ ಮುಂದೆ ಚಿಕಿತ್ಸೆ ಬೇಕಾದರೆ ಆ ಸುಳ್ಳು ಹೆಸರೇ ತಲೆನೋವಾಗುತ್ತದೆ.

ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ. ಬೇಡ ಅನಿಸಿದರೆ ಎದ್ದು ಬರಬಹುದು. ಹದಿನೆಂಟು ತುಂಬದವರಿಗೆ ಅಪ್ಪ, ಅಮ್ಮ ಅಥವಾ ಪೋಷಕರ ಒಪ್ಪಿಗೆ ಕೇಳುತ್ತಾರೆ. ಒಪ್ಪಿದ ಮೇಲೆ ಲ್ಯಾಬ್ ಟೆಕ್ನಿಷಿಯನ್ ತೋಳಿನಿಂದ ಕೆಲವೇ ಎಂಎಲ್ ರಕ್ತ ತೆಗೆಯುತ್ತಾರೆ. ಸಿರಿಂಜ್ ಹೊಸ ಪ್ಯಾಕೆಟ್ಟಿನದೇ ಅಂತ ನೋಡಿಕೊಳ್ಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅದೇ ರಕ್ತದಲ್ಲಿ ಸಿಫಿಲಿಸ್ ಕೂಡ ನೋಡಬಹುದಾ ಅಂತ ವಿಚಾರಿಸಿ. ಲೈಂಗಿಕ ಸೋಂಕುಗಳು ಕೆಲವು ಸಲ ಜೋಡಿಯಾಗಿ ಬರುತ್ತವೆ. ಅವಕ್ಕೆ ದೊಡ್ಡ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಅಂತ ಬೇರೆ ವಿಭಾಗವೂ ಇರುತ್ತದೆ.

ಪರೀಕ್ಷೆ ಆಗಲು ಹದಿನೈದರಿಂದ ಮೂವತ್ತು ನಿಮಿಷ. ಜನ ಜಾಸ್ತಿ ಇದ್ದರೆ ಮಧ್ಯಾಹ್ನದ ತನಕ ಕೂರಿಸಬಹುದು. ಫಲಿತಾಂಶವನ್ನು ಮತ್ತೆ ಸಮಾಲೋಚಕರೇ ನಿಮ್ಮ ಕೈಗೆ ಕೊಡುತ್ತಾರೆ, ಮಾತಾಡಿ. ಫೋನಿನಲ್ಲಿ ಅಲ್ಲ, ಕಿಟಕಿಯಲ್ಲಿ ಹೆಸರು ಕೂಗಿ ಅಲ್ಲ.

ಒಂದು ಕಾರ್ಡ್ ನೋಡಿ ಯಾಕೆ ನಂಬಬಾರದು

ಇದು ಸ್ವಲ್ಪ ನಿಧಾನವಾಗಿ ಓದಬೇಕಾದ ಭಾಗ. ನನ್ನ ಸ್ನೇಹಿತನ ಆ ನಾಲ್ಕು ದಿನ ಹಾಳಾದದ್ದೇ ಇದು ಗೊತ್ತಿಲ್ಲದೆ.

ಮೊದಲು ಮಾಡುವ ಪರೀಕ್ಷೆಯನ್ನು ತುಂಬ ಸೂಕ್ಷ್ಮವಾಗಿರುವ ಹಾಗೆ ಮಾಡಿರುತ್ತಾರೆ. ಒಂದು ಸೋಂಕೂ ತಪ್ಪಿಹೋಗಬಾರದು ಅನ್ನುವುದು ಉದ್ದೇಶ. ಹೊಸ ನಾಯಿ ತರಗೆಲೆ ಸದ್ದಿಗೂ ಬೊಗಳುವ ಹಾಗೆ ಅದು ಕೆಲವೊಮ್ಮೆ ಸೋಂಕೇ ಇಲ್ಲದವರನ್ನೂ ತೋರಿಸುತ್ತದೆ. ಬೇರೆ ಸೋಂಕು, ಕೆಲವು ರೋಗನಿರೋಧಕ ತೊಂದರೆಗಳು, ಇತ್ತೀಚಿನ ಲಸಿಕೆ, ಕೆಲವೊಮ್ಮೆ ಬಸುರಿತನ ಇದಕ್ಕೆ ಕಾರಣ ಆಗಬಹುದು. ಕಾರ್ಡನ್ನು ಹೇಳಿದ ಸಮಯ ಮೀರಿ ಇಟ್ಟು ನೋಡಿದರೂ ಸುಳ್ಳು ಗೆರೆ ಮೂಡಬಹುದು.

ಒಂದು ಅಂದಾಜು ಲೆಕ್ಕ ನೋಡಿ. ಸೋಂಕು ಇಲ್ಲದ ಸಾವಿರ ಜನರಲ್ಲಿ 995 ಜನಕ್ಕೆ ಸರಿಯಾಗಿ 'ಇಲ್ಲ' ಅನ್ನುವ ಪರೀಕ್ಷೆ ಅಂತ ಇಟ್ಟುಕೊಳ್ಳಿ. ಕೇಳಲು ಬಹಳ ಚೆನ್ನಾಗಿದೆ. ಆದರೆ ಉಳಿದ ಐದು ಜನಕ್ಕೆ ಅದು ಸುಳ್ಳು ಗಾಬರಿ ಕೊಟ್ಟಿತು. ಆ ಸಾವಿರದ ಜೊತೆ ನಿಜವಾಗಿ ಸೋಂಕು ಇರುವವರು ಇಬ್ಬರು ಇದ್ದರು ಅಂದರೆ, ಗೆರೆ ಬಂದ ಏಳು ಜನರಲ್ಲಿ ಐದು ಜನ ಸುಮ್ನೆ ಹೆದರಿದವರು!

ಅದಕ್ಕೇ ಐಸಿಟಿಸಿಯಲ್ಲಿ ಮೊದಲ ಪರೀಕ್ಷೆ 'ರಿಯಾಕ್ಟಿವ್' ಬಂದರೆ, ಅಂದರೆ ಸೋಂಕು ಇರಬಹುದು ಅಂತ ತೋರಿಸಿದರೆ, ಅಲ್ಲಿಗೇ ನಿಲ್ಲಿಸುವುದಿಲ್ಲ. ಬೇರೆ ವಿಧಾನದ, ಬೇರೆ ಕಿಟ್ಟಿನ ಎರಡನೇ ಪರೀಕ್ಷೆ, ಆಮೇಲೆ ಮೂರನೇ ಪರೀಕ್ಷೆ ಮಾಡುತ್ತಾರೆ. ಮೂರೂ ರಿಯಾಕ್ಟಿವ್ ಬಂದರೆ ಮಾತ್ರ ಪಾಸಿಟಿವ್ ಅಂತ ಬರೆಯುತ್ತಾರೆ. ಮೊದಲನೆಯದೇ ನಾನ್-ರಿಯಾಕ್ಟಿವ್ ಬಂದರೆ ನೆಗೆಟಿವ್. ಒಂದು ಹೌದು, ಇನ್ನೊಂದು ಇಲ್ಲ ಅಂದರೆ? ತೀರ್ಮಾನ ಆಗಿಲ್ಲ ಅಂತ ಬರೆದು, ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೆ ಬರಲು ಹೇಳುತ್ತಾರೆ. ಆ ವಾರಗಳನ್ನು ಕಳೆಯೋದು ಕಷ್ಟ, ಒಪ್ಪುತ್ತೇನೆ. ಆದರೆ 'ತೀರ್ಮಾನ ಆಗಿಲ್ಲ' ಅಂದರೆ 'ಇದೆ ಅಂತ ಹೇಳೋಕೆ ಹೆದರುತ್ತಿದ್ದಾರೆ' ಅಂತ ಅಲ್ಲ. ನಿಜವಾಗಿಯೂ ಅವರಿಗೂ ಇನ್ನೂ ಗೊತ್ತಿಲ್ಲ.

ಕಾರ್ಡು ಕಣ್ಣಿಗೆ ಬಿದ್ದರೆ ಹೀಗೆ ಓದಿ. 'ಸಿ' ಅಂತ ಬರೆದ ಜಾಗದ ಗೆರೆ ಕಾರ್ಡು ಕೆಲಸ ಮಾಡಿದೆ ಅನ್ನುವುದಕ್ಕೆ ಗುರುತು. ಅದು ಬರದಿದ್ದರೆ ಪರೀಕ್ಷೆಯೇ ಲೆಕ್ಕಕ್ಕಿಲ್ಲ, ಬೇರೆ ಕಾರ್ಡಿನಲ್ಲಿ ಮತ್ತೆ ಮಾಡಬೇಕು. ಕೆಲವು ಕಾರ್ಡುಗಳಲ್ಲಿ 1 ಮತ್ತು 2 ಅಂತ ಬೇರೆ ಬೇರೆ ಗೆರೆ ಇರುತ್ತದೆ, ಎಚ್‌ಐವಿಯಲ್ಲೇ ಎರಡು ಬಗೆ ಇರುವುದರಿಂದ. ನಮ್ಮಲ್ಲಿ ಬಹುತೇಕ ಕಾಣುವುದು ಮೊದಲನೆಯದು.

ಖಾಸಗಿ ಲ್ಯಾಬ್, ಆನ್‌ಲೈನ್ ಕಿಟ್, ರಕ್ತದಾನ

ಖಾಸಗಿ ಲ್ಯಾಬಿನಲ್ಲಿ ಮಾಡಿಸಬಾರದು ಅಂತಲ್ಲ. ಎಲಿಸಾ (ಲ್ಯಾಬಿನಲ್ಲಿ ಯಂತ್ರದಿಂದ ಓದುವ ರಕ್ತ ಪರೀಕ್ಷೆ), ನಾಲ್ಕನೇ ತಲೆಮಾರಿನ ಪರೀಕ್ಷೆ ಇವೆಲ್ಲ ಒಳ್ಳೆಯ ಪರೀಕ್ಷೆಗಳೇ. ಆದರೆ ಹೋಗುವ ಮೊದಲು ಎರಡು ಪ್ರಶ್ನೆ ಕೇಳಿ. ಇದು ಯಾವ ವಿಧಾನ, ಕಾರ್ಡಾ ಎಲಿಸಾನಾ? ರಿಯಾಕ್ಟಿವ್ ಬಂದರೆ ಮುಂದೆ ನೀವು ಏನು ಮಾಡುತ್ತೀರಿ? ಎರಡನೇ ಪ್ರಶ್ನೆಗೆ ಸರಿಯಾದ ಉತ್ತರ ಇಲ್ಲದ ಕಡೆ ಮಾಡಿಸಬೇಡಿ. ಎಲ್ಲಿ ಮಾಡಿಸಿದರೂ ರಿಯಾಕ್ಟಿವ್ ಬಂದರೆ ಐಸಿಟಿಸಿಗೆ ಹೋಗಿ ಖಚಿತ ಮಾಡಿಕೊಳ್ಳಿ. ಸರ್ಕಾರದ ಚಿಕಿತ್ಸೆ ಶುರುವಾಗುವುದಕ್ಕೂ ಅಲ್ಲಿಯ ರಿಪೋರ್ಟೇ ದಾರಿ.

ಕೆಲವು ಕಡೆ ಸಿಡಿ4 (ದೇಹದ ಕಾವಲು ಕೋಶಗಳ ಎಣಿಕೆ), ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಲೆಕ್ಕ) ಎಲ್ಲ ಸೇರಿಸಿ ದೊಡ್ಡ ಪ್ಯಾಕೇಜ್ ಮಾರುತ್ತಾರೆ. ಸೋಂಕು ಇದೆಯೋ ಇಲ್ಲವೋ ಗೊತ್ತಾಗುವ ಮೊದಲೇ ಸಿಡಿ4 ಮಾಡಿಸಿ ಪ್ರಯೋಜನ ಇಲ್ಲ. ಬೇರೆ ಜ್ವರ ಬಂದರೂ ಆ ಸಂಖ್ಯೆ ಇಳಿಯಬಹುದು. ದುಡ್ಡು ದಂಡ, ತಲೆಬಿಸಿ ಬೇರೆ.

ಆನ್‌ಲೈನಿನಲ್ಲಿ ತರಿಸಿದ ಕಿಟ್ಟು ಬಿಸಿಲಲ್ಲಿ ಎಷ್ಟು ದಿನ ಲಾರಿಯಲ್ಲಿತ್ತೋ ಯಾರಿಗೆ ಗೊತ್ತು? ಮನೆಯಲ್ಲಿ ಒಬ್ಬರೇ ಕೂತು, ಬಾತ್‌ರೂಮಿನ ಮಂದ ಬೆಳಕಿನಲ್ಲಿ ಗೆರೆ ಹುಡುಕುವ ಕಷ್ಟ ಬೇಡ ಅನ್ನುತ್ತೇನೆ ನಾನು.

ಇನ್ನು ರಕ್ತದಾನ. "ಕ್ಯಾಂಪಿನಲ್ಲಿ ರಕ್ತ ಕೊಟ್ಟರೆ ಅವರೇ ಟೆಸ್ಟ್ ಮಾಡ್ತಾರಲ್ಲ, ಫ್ರೀ" ಅನ್ನುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹೀಗೆ ಮಾಡಬೇಡಿ. ದಾನದ ರಕ್ತಕ್ಕೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಮಾಡುತ್ತಾರೆ, ನಿಜ. ಆದರೆ ನೀವು ವಿಂಡೋ ಪೀರಿಯಡ್‌ನಲ್ಲಿ ಇದ್ದರೆ ಅಲ್ಲಿಯೂ ತಪ್ಪಿಹೋಗಬಹುದು. ಆಗ ಆ ಬಾಟಲಿ ಹೋಗುವುದು ಇನ್ಯಾರದೋ ಹೆರಿಗೆಗೆ, ಅಪಘಾತಕ್ಕೆ.

ಬಸುರಿಯರು, ಮಕ್ಕಳು

ತಾಯಿ ಕಾರ್ಡ್ ಮಾಡಿಸುವಾಗಲೇ ಎಚ್‌ಐವಿ ಪರೀಕ್ಷೆಯೂ ಆಗುತ್ತದೆ. ಇದರಲ್ಲಿ ಅನುಮಾನ ಪಡುವಂಥದ್ದು ಏನೂ ಇಲ್ಲ, ಎಲ್ಲ ಬಸುರಿಯರಿಗೂ ಮಾಡುವುದು. ತಾಯಿಗೆ ಸೋಂಕು ಇರುವುದು ಮೊದಲೇ ಗೊತ್ತಾದರೆ ಮಾತ್ರೆಯಿಂದ ಮಗುವಿಗೆ ಬರದ ಹಾಗೆ ಬಹುಮಟ್ಟಿಗೆ ತಡೆಯಬಹುದು. ಅತ್ತೆ ಮನೆಯವರು ರಿಪೋರ್ಟು ಕಿತ್ತುಕೊಂಡು ಓದುವುದು ನಮ್ಮ ಕಡೆ ಇದೆ. ಆಸ್ಪತ್ರೆಯವರು ಫಲಿತಾಂಶ ಹೇಳಬೇಕಾದದ್ದು ಆಕೆಗೆ. ಗಂಡನನ್ನೂ ಕರೆದುಕೊಂಡು ಹೋಗಿ ಇಬ್ಬರೂ ಒಟ್ಟಿಗೆ ಮಾಡಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಸೋಂಕಿರುವ ತಾಯಿಗೆ ಹುಟ್ಟಿದ ಮಗುವಿಗೆ ಮಾಮೂಲಿ ಕಾರ್ಡ್ ಪರೀಕ್ಷೆ ಸಾಕಾಗುವುದಿಲ್ಲ. ತಾಯಿಯ ಆಂಟಿಬಾಡಿಗಳು ಮಗುವಿನ ರಕ್ತದಲ್ಲಿ ಹದಿನೆಂಟು ತಿಂಗಳವರೆಗೂ ಇರಬಹುದು. ಸೋಂಕೇ ಇಲ್ಲದ ಮಗುವಿನ ಪರೀಕ್ಷೆಯೂ ಆಗ ರಿಯಾಕ್ಟಿವ್ ಬರುತ್ತದೆ. ಹಾಗಾಗಿ ಆರು ವಾರಕ್ಕೆ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು, ಕಾಗದದ ಮೇಲೆ ಒಣಗಿಸಿ, ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆಗೆ ಕಳಿಸುತ್ತಾರೆ. ಆಮೇಲೆ ಆರು, ಹನ್ನೆರಡು, ಹದಿನೆಂಟು ತಿಂಗಳಿಗೂ ನೋಡುತ್ತಾರೆ. ತಾರೀಕು ತಪ್ಪಿಸಬೇಡಿ.

ಪಾಸಿಟಿವ್ ಅಂದರೆ

ಮೂರೂ ಪರೀಕ್ಷೆ ರಿಯಾಕ್ಟಿವ್ ಬಂದರೆ ಅದು ಎಚ್‌ಐವಿ ಸೋಂಕು. ಏಡ್ಸ್ ಅಲ್ಲ. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಹೇಳಿ ನಮಗೆ ಒಂದೇ ಆಗಿಬಿಟ್ಟಿದೆ. ಎಚ್‌ಐವಿ ಅನ್ನುವುದು ವೈರಸ್. ಅದು ವರ್ಷಗಟ್ಟಲೆ ಚಿಕಿತ್ಸೆ ಇಲ್ಲದೆ ದೇಹದ ಕಾವಲು ಕೋಶಗಳನ್ನು ತಿಂದುಹಾಕಿ, ಸಿಡಿ4 ಎಣಿಕೆ 200ಕ್ಕಿಂತ ಕೆಳಗಿಳಿದರೆ, ಇಲ್ಲವೇ ಆ ಹಂತಕ್ಕೇ ಸೇರಿದ ಕೆಲವು ಸೋಂಕುಗಳು ಬಂದರೆ ಅದು ಏಡ್ಸ್. ಬೇಗ ಗೊತ್ತಾದವರು ಆ ಹಂತ ಕಾಣದೆಯೇ ಬದುಕಬಹುದು.

ಅದೇ ದಿನ ಎಆರ್‌ಟಿ ಕೇಂದ್ರಕ್ಕೆ ಚೀಟಿ ಕೊಡುತ್ತಾರೆ. ಚಿಕಿತ್ಸೆ ಅಲ್ಲಿಂದ. ಮೊದಲೆಲ್ಲ ಸಿಡಿ4 ಕಡಿಮೆ ಆಗುವ ತನಕ ಕಾಯಿಸುತ್ತಿದ್ದರು. 2017ರಿಂದ ನಮ್ಮ ದೇಶದಲ್ಲಿ ಎಣಿಕೆ ಎಷ್ಟೇ ಇರಲಿ, ಪಾಸಿಟಿವ್ ಬಂದ ಎಲ್ಲರಿಗೂ ಮಾತ್ರೆ ಶುರು ಮಾಡುತ್ತಾರೆ. ಹೆಚ್ಚಿನವರಿಗೆ ದಿನಕ್ಕೊಂದು ಮಾತ್ರೆ, ಉಚಿತ, ಜೀವನಪೂರ್ತಿ. ಶುರುವಿನಲ್ಲಿ ಸಿಡಿ4 ನೋಡುತ್ತಾರೆ, ಕ್ಷಯರೋಗ ಇದೆಯಾ ಅಂತ ನೋಡುತ್ತಾರೆ. ಆರು ತಿಂಗಳಾದ ಮೇಲೆ ವೈರಲ್ ಲೋಡ್. ಮಾತ್ರೆ ಬಿಡದೆ ತೆಗೆದುಕೊಂಡು, ವೈರಸ್ ಪರೀಕ್ಷೆಯಲ್ಲಿ ಕಾಣದಷ್ಟು ಕಡಿಮೆಯಾಗಿ, ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಅದು ಹರಡುವುದಿಲ್ಲ. ಈ ಒಂದು ಮಾತು ಆಸ್ಪತ್ರೆಯಿಂದ ಹೊರಗೆ ಎಷ್ಟು ಕಡಿಮೆ ಜನಕ್ಕೆ ಗೊತ್ತಿದೆ ಅಂದರೆ ಬೇಜಾರಾಗುತ್ತದೆ.

ಸಂಗಾತಿಗೆ ಹೇಳುವುದು, ಅವರಿಗೂ ಪರೀಕ್ಷೆ ಮಾಡಿಸುವುದು ಎಲ್ಲಕ್ಕಿಂತ ಕಷ್ಟದ ಮೆಟ್ಟಿಲು. ಒಬ್ಬರಿಗೇ ಆಗದಿದ್ದರೆ ಸಮಾಲೋಚಕರ ಎದುರು ಕೂತು ಹೇಳಬಹುದು. ಅದೂ ಅವರ ಕೆಲಸವೇ.

ಕಾನೂನು ನಿಮ್ಮ ಕಡೆ ಇದೆ

ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ 2017ರಲ್ಲಿ ಬಂತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೋರ್ಟ್ ಆದೇಶ, ದಾನದ ರಕ್ತದ ತಪಾಸಣೆಯಂಥ ಕೆಲವೇ ಸಂದರ್ಭ ಬಿಟ್ಟರೆ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡಬಾರದು. ಕೆಲಸ ಕೊಡಲು ಎಚ್‌ಐವಿ ರಿಪೋರ್ಟ್ ತಾ ಅನ್ನುವ ಹಾಗಿಲ್ಲ. ಸೋಂಕಿದೆ ಅಂತ ಚಿಕಿತ್ಸೆ ನಿರಾಕರಿಸುವ, ಶಾಲೆಯಿಂದ ತೆಗೆಯುವ, ಬಾಡಿಗೆ ಮನೆ ಬಿಡಿಸುವ ಹಾಗಿಲ್ಲ. ನಿಮ್ಮ ಒಪ್ಪಿಗೆ ಇಲ್ಲದೆ ಫಲಿತಾಂಶವನ್ನು ಬೇರೆಯವರಿಗೆ ಹೇಳುವ ಹಾಗೂ ಸಾಮಾನ್ಯವಾಗಿ ಇಲ್ಲ. ದೂರು ಕೇಳಲು ರಾಜ್ಯ ಮಟ್ಟದಲ್ಲಿ ಓಂಬುಡ್ಸ್‌ಮನ್ ಇರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಯಾರಾದರೂ ಬಾಯಿಬಿಟ್ಟರೆ ತಾರೀಕು, ಸಮಯ, ಏನಂದರು ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಚೀಟಿಗಳನ್ನು ಎಸೆಯಬೇಡಿ.

ನನ್ನ ಸ್ನೇಹಿತನ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಅವತ್ತು ಅವನ ಮೊದಲ ಪರೀಕ್ಷೆಯೇ ನಾನ್-ರಿಯಾಕ್ಟಿವ್ ಬಂತು. ಆ ತೆಳು ಗೆರೆ ಸುಳ್ಳಾಗಿತ್ತು. ಆದರೂ 90 ದಿನ ಆದ ಮೇಲೆ ಮತ್ತೆ ಬನ್ನಿ ಅಂತ ತಾರೀಕು ಬರೆದುಕೊಟ್ಟರು. ಎರಡನೇ ಸಲ ಅವನು ದೂರ ಹೋಗಲಿಲ್ಲ, ಕಾರವಾರದಲ್ಲೇ ಮಾಡಿಸಿದ, ಬೋಟು ದಡಕ್ಕೆ ಎಳೆಯುವ ವಾರದಲ್ಲಿ. ಕಾರಿಡಾರಿನಲ್ಲಿ ಪಕ್ಕದ ಮನೆಯವರು ಸಿಕ್ಕರು. "ಏನು ಇಲ್ಲಿ?" ಅಂದರಂತೆ. ಇವನು "ಶುಗರ್" ಅಂದ. ಅವರೂ "ನಂದೂ ಶುಗರ್" ಅಂದರು. ಇಬ್ಬರೂ ಅದೇ ಬಾಗಿಲ ಮುಂದಿನ ಬೆಂಚಿನಲ್ಲಿ, ಮಧ್ಯೆ ಒಂದು ಜಾಗ ಬಿಟ್ಟು, ಹೆಸರು ಕರೆಯುವ ತನಕ ಮಳೆ ಯಾವಾಗ ಶುರುವಾಗಬಹುದು ಅಂತ ಮಾತಾಡಿದರಂತೆ.